ಖಾಲಿ ಗಾಡಿಗೆ ಮೊದಲ ಕಾಲು

ಹಂಸಭಾವಿಯ ಕೆಳಗಿನ ಓಣಿಯ ಕರೆವ್ವನಿಗೆ ವಯಸ್ಸೆಷ್ಟು ಎಂದು ಕೇಳಿದರೆ ಮೂರು ಉತ್ತರ ಸಿಗುತ್ತವೆ. ಆಧಾರ್ ಕಾರ್ಡಿನ ಪ್ರಕಾರ ಎಪ್ಪತ್ತೆರಡು. ಅವಳ ಬಾಯಿಯ ಪ್ರಕಾರ, "ಅರವತ್ತರ ಆಜುಬಾಜು." ಮೂರನೆಯ ಉತ್ತರ ಅವಳ ಬಲಗಾಲಿನ ಮೊಣಕಾಲಿನದು. ಅದು ಮಳೆಗಾಲದಲ್ಲಿ ಒಂದು ಹೇಳುತ್ತದೆ, ಬೇಸಿಗೆಯಲ್ಲಿ ಇನ್ನೊಂದು. ಆ ಮೊಣಕಾಲಿನ ಮಾತನ್ನು ಅವಳು ಯಾರ ಮುಂದೆಯೂ ಆಡಿದವಳಲ್ಲ. ಆಡಲೇಬೇಕಾಗಿ ಬಂದ ಒಂದು ವಾರದ ಕತೆ ಇದು. ಹೋದ ವರ್ಷ, ಹತ್ತಿ ಕ್ರಾಸಿಂಗಿನ ದಿನಗಳಲ್ಲಿ ನಡೆದದ್ದು.

ಕ್ರಾಸಿಂಗ್ ಅಂದರೆ ಬೀಜದ ಹತ್ತಿ ಬೆಳೆಯುವ ಹೊಲದ ಕೆಲಸ. ಮಧ್ಯಾಹ್ನದ ಮೇಲೆ ಮೊಗ್ಗನ್ನು ಹೆಬ್ಬೆರಳ ಉಗುರಿನಿಂದ ಸೀಳಿ, ಒಳಗಿನ ಗಂಡು ಭಾಗವನ್ನಷ್ಟೇ ಬಿಡಿಸಿ ತೆಗೆದು, ಗುರುತಿಗೆ ಕೆಂಪು ಚೀಟಿ ಸಿಕ್ಕಿಸಬೇಕು. ಮರುದಿನ ಬೆಳಗ್ಗೆ ಬೇರೆ ಜಾತಿಯ ಹೂ ತಂದು ಅದಕ್ಕೆ ಸವರಬೇಕು. ಉಗುರು ಒಂದೆಳೆ ಆಳಕ್ಕೆ ಹೋದರೂ ಕಾಯಿ ಕಟ್ಟುವುದಿಲ್ಲ. ಕರೆವ್ವನ ಕಣ್ಣು ಈಚೆಗೆ ಮಂಜಾಗಿದ್ದರೂ ಉಗುರು ಮಂಜಾಗಿಲ್ಲ. ಅವಳು ಮುಟ್ಟಿದ ಸಾಲು ಯಾವುದು ಎಂದು ಹೊಲದವರು ಕಾಯಿ ನೋಡಿಯೇ ಹೇಳುತ್ತಿದ್ದರು.

ಈ ಕೆಲಸಕ್ಕೆ ಹೋಗುವ ಹೆಂಗಸರು ಹದಿನಾಲ್ಕು ಮಂದಿ. ಅವರನ್ನು ಕರೆದುಕೊಂಡು ಹೋಗುವುದು ಮಾಲತೇಶನ ಪಿಕಪ್ ಗಾಡಿ. ಮಾಲತೇಶ ಪಕ್ಕದ ಓಣಿಯ ಇಪ್ಪತ್ತೆಂಟರ ಹುಡುಗ, ಇನ್ನೂ ಮದುವೆಯಿಲ್ಲ. ಬೆಳಗ್ಗೆ ಅವನ ಗಾಡಿ ಮೊದಲು ನಿಲ್ಲುವುದು ಕರೆವ್ವನ ಬಾಗಿಲಿಗೆ. ಅವಳು ಬುತ್ತಿಯ ಗಂಟನ್ನು ಗಾಡಿಯೊಳಗೆ ಎಸೆಯುತ್ತಾಳೆ, ಸರಪಳಿ ಹಿಡಿಯುತ್ತಾಳೆ, ಹಿಂದಿನ ಕಬ್ಬಿಣದ ಪಟ್ಟಿಯ ಮೇಲೆ ಬಲಗಾಲು ಇಡುತ್ತಾಳೆ. ಒಂದೇ ಉಸಿರಿಗೆ ಮೇಲಿರುತ್ತಾಳೆ. ಕೈ ಕೊಡಲು ಯಾರೂ ಬರಬಾರದು, ಬಂದರೆ ಬೈಗುಳ.

ಅವಳೇ ಮೊದಲು ಹತ್ತಬೇಕು ಎಂಬುದಕ್ಕೂ ಒಂದು ಕಾರಣವಿತ್ತು. ನಾಲ್ಕು ವರ್ಷದ ಹಿಂದೆ ಗಾಡಿ ಮನೆಗೆ ಬಂದ ದಿನ ಕಾಯಿ ಒಡೆದು, ಗಾಲಿಗೆ ನಿಂಬೆಹಣ್ಣು ಇಟ್ಟು, ಮೊದಲು ಯಾರನ್ನು ಹತ್ತಿಸುವುದು ಎಂದು ಮಾಲತೇಶನ ಮನೆಯವರು ಗುಸುಗುಸು ಮಾಡುತ್ತ ನಿಂತಿದ್ದರು. "ಪೂಜಿ ಆತಲ್ಲ, ಇನ್ನೇನ ಪಂಚಾಂಗ ತಗಸ್ತೀರಿ?" ಎಂದು ಕರೆವ್ವ ಹತ್ತಿ ಕುಳಿತೇಬಿಟ್ಟಳು. ಆ ವರ್ಷ ಗಾಡಿಗೆ ಒಂದು ದಿನವೂ ಕೆಲಸ ತಪ್ಪಲಿಲ್ಲ. ಅಲ್ಲಿಂದ ಮುಂದೆ ಬೆಳಗಿನ ಖಾಲಿ ಗಾಡಿಗೆ ಅವಳ ಕಾಲು ಬೀಳದೆ ಇನ್ನೊಬ್ಬರ ಕಾಲು ಬಿದ್ದದ್ದಿಲ್ಲ. ಅವಳಿಗೂ ಆ ಮರ್ಯಾದೆ ಬೇಕಾಗಿತ್ತು. ಎಪ್ಪತ್ತರ ಹೆಂಗಸಿಗೆ ಊರು ದಿನಾ ಬೆಳಗ್ಗೆ ಮೊದಲ ಜಾಗ ಕೊಡುವುದು ಇನ್ನೆಲ್ಲಿ?

ಕರೆವ್ವನ ಬದುಕನ್ನು ಅವಳು ಹತ್ತಿದ ಬಂಡಿಗಳಿಂದಲೇ ಹೇಳಿ ಮುಗಿಸಬಹುದು. ಅವಳ ತವರು ಸವಣೂರು ಸೀಮೆಯ ಹತ್ತಿಮತ್ತೂರು. ಅಪ್ಪನ ಎತ್ತಿನ ಚಕ್ಕಡಿಯಲ್ಲಿ ಶೇಂಗಾ ಚೀಲಗಳ ಮೇಲೆ ಕುಳಿತು ಸವಣೂರಿನ ಸಂತೆಗೆ ಹೋಗುವುದು, ಬರುವಾಗ ಖಾಲಿ ಚಕ್ಕಡಿಯ ಹಿಂಬದಿಯಲ್ಲಿ ಕಾಲು ಇಳಿಬಿಟ್ಟು, ಒದ್ದೆ ಬಟ್ಟೆಯಲ್ಲಿ ಸುತ್ತಿದ ವೀಳ್ಯದೆಲೆಯ ಕಟ್ಟನ್ನು ತೊಡೆಯ ಮೇಲಿಟ್ಟುಕೊಂಡು ಧೂಳಿನ ದಾರಿ ಹಿಂದೆ ಸರಿಯುವುದನ್ನು ನೋಡುವುದು. ಆ ಎಲೆಯ ಹಸಿ ವಾಸನೆ ಈಗಲೂ ಎಲ್ಲಾದರೂ ಬಂದರೆ ಅವಳು ಮಾತು ನಿಲ್ಲಿಸಿ ಮೂಗು ಅರಳಿಸುತ್ತಾಳೆ.

ಮದುವೆಯಾಗಿ ಹಂಸಭಾವಿಗೆ ಹೊರಟ ದಿನ ಮದುಮಗಳನ್ನು ಸೋದರಮಾವ ಎತ್ತಿ ಬಂಡಿಯಲ್ಲಿ ಕೂರಿಸಬೇಕಾಗಿತ್ತು. ಹೆಂಗಸರೆಲ್ಲ ಸೆರಗು ಬಾಯಿಗಿಟ್ಟು ಅಳುತ್ತಿದ್ದರು. ಮಾವ ಪಂಚೆ ಸರಿಮಾಡಿಕೊಂಡು ಮುಂದೆ ಬರುವಷ್ಟರಲ್ಲಿ ಕರೆವ್ವ ಗಾಲಿಯ ನಡುಗುಂಬದ ಮೇಲೆ ಕಾಲಿಟ್ಟು ತಾನೇ ಹತ್ತಿ ಕುಳಿತಾಗಿತ್ತು. "ಅಯ್ಯ ಶಿವನ, ಈ ಹುಡುಗಿಗೆ ಅಳೂದಕ್ಕಿಂತ ಹೋಗೂ ಅವಸರನ ಭಾಳ ಐತಿ!" ಎಂದು ಯಾರೋ ಅಂದರು. ಅಳುತ್ತಿದ್ದವರೆಲ್ಲ ನಕ್ಕುಬಿಟ್ಟರು.

ಗಂಡ ಉಡಚಪ್ಪ ಮಾತಿನವನಲ್ಲ. ಹೇರು ತುಂಬಿದ ಚಕ್ಕಡಿಯನ್ನು ಏರಿನಲ್ಲಿ ನಿಲ್ಲಿಸುತ್ತಿರಲಿಲ್ಲ; ನಿಲ್ಲಿಸಿದರೆ ಎತ್ತುಗಳು ಮತ್ತೆ ಏಳಲಾರವು. ಕರೆವ್ವ ನಡೆಯುವ ಚಕ್ಕಡಿಯ ಹಿಂದೆ ನಾಲ್ಕು ಹೆಜ್ಜೆ ಓಡಿ, ಗೂಟ ಹಿಡಿದು, ಎಗರಿ ಕೂರುವುದನ್ನು ಕಲಿತಳು. ಬಸುರಿಯಾಗಿ ಆರು ತಿಂಗಳವರೆಗೂ ಹಾಗೇ ಹತ್ತಿದಳು. ಅವನು ಒಮ್ಮೆಯೂ ತಿರುಗಿ ನೋಡಲಿಲ್ಲ. ಎಷ್ಟೋ ವರ್ಷದ ಮೇಲೆ, ಎತ್ತು ಮಾರಿದ ದಿನ ಸಂಜೆ ಕಟ್ಟೆಯ ಮೇಲೆ ಕುಳಿತು ಅವನು ತಾನಾಗಿ ಅಂದ: "ನೀ ಹತ್ತೂ ಮುಂದ ಬಲಗಡಿ ಎತ್ತಿನ ಹಗ್ಗ ಒಂದ ಬೆರಳ ಜಗ್ಗತಿದ್ದೆ. ನಿನಗ ಗೊತ್ತಾತೋ ಇಲ್ಲೋ."

ಗೊತ್ತಾಗಿರಲಿಲ್ಲ. ಅಷ್ಟು ವರ್ಷ ತನ್ನ ಕಾಲಿನ ಕಸುವು ಅಂದುಕೊಂಡದ್ದರಲ್ಲಿ ಅವನದೂ ಒಂದು ಬೆರಳು ಇತ್ತು ಎಂದು ತಿಳಿದು ಕರೆವ್ವ ಎರಡು ದಿನ ಅವನೊಡನೆ ಮಾತು ಬಿಟ್ಟಳು. ಮೂರನೆಯ ದಿನ ರೊಟ್ಟಿಗೆ ಬೆಣ್ಣೆ ಹಚ್ಚಿ ಕೊಟ್ಟಳು. ಉಡಚಪ್ಪ ಹೋಗಿ ಹನ್ನೆರಡು ವರ್ಷವಾಯಿತು. ಆ ಎರಡು ದಿನ ಸುಮ್ಮನೆ ಹಾಳು ಮಾಡಿಕೊಂಡೆನಲ್ಲ ಎಂದು ಅವಳಿಗೆ ಈಗ ಅನ್ನಿಸುತ್ತದೆ.

ಚಕ್ಕಡಿ ಹೋಗಿ ಟ್ರ್ಯಾಕ್ಟರಿನ ಟ್ರೇಲರ್ ಬಂತು, ಟೈರಿನ ಮೇಲೆ ಕಾಲಿಟ್ಟು ಹತ್ತಿದಳು. ಟ್ರೇಲರ್ ಹೋಗಿ ಟೆಂಪೊ ಬಂತು, ಬಾಗಿಲಿನ ಸರಳು ಹಿಡಿದು ಹತ್ತಿದಳು. ಟೆಂಪೊ ಹೋಗಿ ಪಿಕಪ್ ಬಂತು.

ಹೋದ ವರ್ಷ ಮಳೆ ಜೋರಾಗಿತ್ತು. ಬೀಜದ ಹೊಲಕ್ಕೆ ಹೋಗುವ ಎರೆಮಣ್ಣಿನ ದಾರಿ ಟ್ರ್ಯಾಕ್ಟರುಗಳ ಗಾಲಿಗೆ ಸಿಕ್ಕು ಎರಡು ಕಾಲುವೆಯಂತಾಗಿ, ನಡುವೆ ದಿಂಡು ಎದ್ದಿತ್ತು. ಹದಿನಾಲ್ಕು ಜನ ಕುಳಿತ ಗಾಡಿಯ ತಳ ಆ ದಿಂಡಿಗೆ ಕರಕರ ಎಂದು ಉಜ್ಜುತ್ತಿತ್ತು. ಒಂದು ದಿನ ಹಳ್ಳ ದಾಟುವಲ್ಲಿ ಕಲ್ಲಿಗೆ ಬಡಿದು ತಳದ ಆಯಿಲ್ ಡಬ್ಬಿ ಒಡೆಯಿತು. ಹೆಂಗಸರೆಲ್ಲ ಕೆಸರಿನಲ್ಲಿ ನಡೆದು ಮನೆ ಸೇರಿದರು.

ಮರುದಿನ ಮಾಲತೇಶ ಡಬ್ಬಿ ಬದಲಿಸಿದ ಗಾಡಿ ತಂದು ನಿಲ್ಲಿಸಿ, ಮೊಬೈಲು ಹಿಡಿದುಕೊಂಡು ಬಂದ. ಅದರಲ್ಲಿ ಯಾವುದೋ ದೇಶದ ಪಿಕಪ್ ಒಂದು ಬಂಡೆಗಳ ಮೇಲೆ ಆಡಿನಂತೆ ಹತ್ತುತ್ತಿತ್ತು.

"ನೋಡ್ ಕರೆವ್ವಜ್ಜಿ, ಇದಕ್ಕ ಲಿಫ್ಟ್ ಕಿಟ್ ಅಂತಾರ. ಹಾಕಿಸಿದ್ರ ಗಾಡಿ ನಾಲ್ಕ ಇಂಚ ಮ್ಯಾಲ ಏಳತೈತಿ. ಹಳ್ಳದಾಗ ತಳಾ ಬಡಿಯಂಗಿಲ್ಲ."

ಪಕ್ಕದಲ್ಲಿ ಕುಳಿತಿದ್ದ ದಾನವ್ವ ಇಣುಕಿದಳು. ದಾನವ್ವ ಈ ಹದಿನಾಲ್ಕು ಮಂದಿಯ ನಾಲಿಗೆ ಇದ್ದಂತೆ. ಎಲ್ಲರೂ ಅಂದುಕೊಳ್ಳುವುದನ್ನು ಅವಳು ಅಂದುಬಿಡುತ್ತಾಳೆ. "ಮ್ಯಾಲ ಎದ್ದ ಗಾಡಿ ತಗೊಂಡ ಎಲ್ಲಿ ಹೊಂಟಿಯೋ? ಹೆಣ್ಣ ನೋಡಾಕ?"

"ಈಗ ಹೆಣ್ಣ ಕೊಡೋರು ಮೊದಲ ಗಾಡಿ ನೋಡ್ತಾರ ಚಿಗವ್ವ, ಆಮ್ಯಾಲ ಹುಡುಗನ್ನ ನೋಡ್ತಾರ."

"ಹಂಗಾರ ಮಾರಿಗೂ ಒಂದ ಕಿಟ್ ಹಾಕಿಸ್ಕೊಂಡ ಬಾರಪ."

ಎಲ್ಲರೂ ನಕ್ಕರು. ಕರೆವ್ವ ಮಾತ್ರ ನಗಲಿಲ್ಲ. ಅವಳ ಕಣ್ಣು ಗಾಡಿಯ ಹಿಂದಿನ ಕಬ್ಬಿಣದ ಪಟ್ಟಿಯ ಮೇಲಿತ್ತು. ಅದು ಈಗ ಸರಿಯಾಗಿ ಅವಳ ಮೊಣಕಾಲಿನ ಮಟ್ಟಕ್ಕಿತ್ತು. ಅದರ ಮೇಲೆ ನಾಲ್ಕು ಇಂಚು ಎಂದರೆ ಎಷ್ಟು? ಯಾರಿಗೂ ಕಾಣದಂತೆ ಅವಳು ಬೆರಳು ಜೋಡಿಸಿ ತೊಡೆಯ ಮೇಲಿಟ್ಟು ಅಳೆದಳು. ಹತ್ತಲಾಗದಿದ್ದರೆ ಅಲ್ಲಿಗೆ ಈ ಗಾಡಿ ತೀರಿತು, ಈ ಹೊಲ ತೀರಿತು, ಈ ಹದಿಮೂರು ಜನರ ಬಾಯಿ ತೀರಿತು. ಮನೆಯಲ್ಲಿ ಸೊಸೆ ಒಳ್ಳೆಯವಳೇ, ಆದರೆ ಬೆಳಗಿನಿಂದ ಸಂಜೆಯವರೆಗೆ ಒಳ್ಳೆಯವರ ಜೊತೆ ಸುಮ್ಮನೆ ಕೂರುವುದು ಕರೆವ್ವನಿಗೆ ಗೊತ್ತಿಲ್ಲದ ಕೆಲಸ.

ಕಿಟ್ ಕೂರಿಸುವವನು ಶಿಗ್ಗಾಂವದ ಅಯಾಜ್. ಹಿಂದಿನ ಗಾಲಿಗಳ ಮೇಲೆ ಬಿಲ್ಲಿನಂತೆ ಬಾಗಿಸಿ, ಒಂದರ ಮೇಲೊಂದು ಜೋಡಿಸಿದ ಉಕ್ಕಿನ ಪಟ್ಟಿಗಳಿರುತ್ತವಲ್ಲ, ಅವಕ್ಕೆ ಪಾಟಾ ಎನ್ನುತ್ತಾರೆ. ಹೆದ್ದಾರಿಯ ಲಾರಿಗಳ ಪಾಟಾ ಕೆಲಸದಲ್ಲಿ ಅಯಾಜ್ ಅವನಪ್ಪನ ಕಾಲದಿಂದ ಪಳಗಿದ ಕೈ. ಫೋನಿನಲ್ಲಿ ಮಾಲತೇಶನಿಗೆ ಹೇಳಿದ್ದ: "ಖಾಲಿ ಗಾಡಿ ತರಬ್ಯಾಡ. ದಿನಾ ಏನ ಹೇರತೀಯೋ ಅದನ್ನ ಹೇರಕೊಂಡ ಬಾ. ಪಾಟಾ ಎಷ್ಟ ತಗ್ಗತಾವ ಅಂತ ನೋಡಬೇಕು."

ಅಮಾವಾಸ್ಯೆಯ ದಿನ ಹೊಲದವರು ಗಿಡ ಮುಟ್ಟಗೊಡುವುದಿಲ್ಲ. ಅವತ್ತು ಮಾಲತೇಶ ದಿನಾ ಹೇರುವುದನ್ನು ಹೇರಿಕೊಂಡು ಹೊರಟ. ಹದಿನಾಲ್ಕೂ ಮಂದಿ ಬುತ್ತಿ ಕಟ್ಟಿಕೊಂಡಿದ್ದರು, ಒಬ್ಬಿಬ್ಬರು ರೇಶ್ಮೆ ಅಂಚಿನ ಸೀರೆ ಉಟ್ಟಿದ್ದರು. ಹಾನಗಲ್ಲು ದಾಟುವಾಗ ಕರೆವ್ವ ದಾರಿಯ ಎರಡೂ ಬದಿಗೆ ಬೆರಳು ತೋರಿಸುತ್ತಲೇ ಇದ್ದಳು. "ಅಲ್ಲೊಂದ ಹುಣಸಿಮರ ಇತ್ತು, ಅದರ ಕೆಳಗ ಎತ್ತ ಬಿಡತಿದ್ವಿ. ಇಲ್ಲೊಂದ ಭಾವಿ, ನೀರ ಸಕ್ಕರಿ ಇದ್ದಂಗ." ಹುಣಸೆಮರ ಇದ್ದಲ್ಲಿ ಈಗ ಟೈರಿನ ಅಂಗಡಿ, ಭಾವಿ ಇದ್ದಲ್ಲಿ ಕಲ್ಯಾಣಮಂಟಪ. ಚಕ್ಕಡಿಯಲ್ಲಿ ನಸುಕಿಗೆ ಹೊರಟು ಬಿಸಿಲೇರಿದ ಮೇಲೆ ಮುಟ್ಟುತ್ತಿದ್ದ ಹಾನಗಲ್ಲು ಅವಳು ಎರಡು ಮರ ನೆನೆಯುವಷ್ಟರಲ್ಲಿ ಹಿಂದೆ ಬಿದ್ದಿತ್ತು. "ಮಾಲತೇಶಾ, ಸಾವಕಾಶ ಹೋಗೋ. ನನಗ ಇನ್ನೂ ಹೇಳೋದ ಐತಿ," ಎಂದು ಅವಳು ಕ್ಯಾಬಿನ್ ಬಡಿದಳು.

ಗಾಡಿ ಅಂಗಳಕ್ಕೆ ಬಂದದ್ದನ್ನು ನೋಡಿ ಅಯಾಜ್ ಕೈಯಲ್ಲಿದ್ದ ಬೋಲ್ಟು ಬಿಗಿಯುವ ಪಾನಾ ಕೆಳಗಿಟ್ಟ. "ಇದೇನ ಮಾಲತೇಶಣ್ಣ! ವಜ್ಜಾ ತಗೊಂಡ ಬಾ ಅಂದ್ರ ಊರನ್ನ ತಂದೀಯಲ್ಲ?"

"ದಿನಾ ಹೇರೋದನ್ನ ಹೇರಕೊಂಡ ಬಾ ಅಂದ್ರಲ್ಲ ಭಾಯ್. ನಾ ದಿನಾ ಹೇರೋದು ಇವರನ್ನ."

"ನಾ ಗೊಬ್ಬರದ ಚೀಲ ಅನ್ಕೊಂಡಿದ್ದೆ."

"ಚೀಲ ಆಗಿದ್ರ ಚಾ ಕೇಳತಿದ್ದಿಲ್ಲ," ಎಂದಳು ದಾನವ್ವ ಗಾಡಿಯೊಳಗಿಂದಲೇ. "ನಾವ ಕೇಳ್ತೇವಿ."

ಚಹಾ ಬಂತು. ಅಯಾಜ್ ಎರಡು ಡಬ್ಬಿ ತೆರೆದಿಟ್ಟ. ಒಂದರಲ್ಲಿ ಎರಡು ಇಂಚು ದಪ್ಪದ ಉಕ್ಕಿನ ಗಟ್ಟಿಗಳು, ಇನ್ನೊಂದರಲ್ಲಿ ನಾಲ್ಕು ಇಂಚಿನವು, ಕೆಂಪು ಬಣ್ಣ ಬಳಿದು ಹೊಳೆಯುತ್ತಿದ್ದವು. ಪಾಟಾಕ್ಕೂ ಗಾಲಿಯ ಅಚ್ಚಿಗೂ ನಡುವೆ ಇವನ್ನು ಕೂರಿಸಿ ಉದ್ದನೆಯ ಬೋಲ್ಟಿನಿಂದ ಬಿಗಿದರೆ, ಗಟ್ಟಿ ಎಷ್ಟು ದಪ್ಪವೋ ಗಾಡಿ ಅಷ್ಟು ಮೇಲೆ. ಮುಂದಿನ ಸ್ಪ್ರಿಂಗಿಗೂ ಅದಕ್ಕೆ ತಕ್ಕ ಬಿಲ್ಲೆ.

"ಎರಡ ಇಂಚಿಂದ ಹಾಕ್ರಿ ಸಾಕು," ಎಂದ ಅಯಾಜ್. "ನಾಲ್ಕ ಹಾಕಿದ್ರ ತಿರುವಿನಾಗ ಗಾಡಿ ಹೊಯ್ದಾಡತೈತಿ."

ಮಾಲತೇಶನ ಕೈ ಕೆಂಪು ಗಟ್ಟಿಗಳ ಡಬ್ಬಿಯಿಂದ ಆಚೆ ಹೋಗಲಿಲ್ಲ. "ಎರಡರಾಗ ಆ ಹಳ್ಳದ ಕಲ್ಲ ದಾಟತೈತೇನ್ ಭಾಯ್?"

"ದಾಟಬಹುದು. ಬಡಿಯಲೂಬಹುದು. ಆದ್ರ ನಿನ್ನ ಗಾಡ್ಯಾಗ ಹತ್ತೋರು ಹೆಣ್ಮಕ್ಕಳು. ಅವರಿಗೆ ಎಷ್ಟ ಎತ್ತರಾ ನಡೀತೈತಿ ಅದನ್ನ ಮೊದಲ ನೋಡೂಣು."

ಅವನು ನೋಡಿದ ರೀತಿ ಸರಳವಾಗಿತ್ತು. ಗಾಡಿಯನ್ನು ಎತ್ತುವ ಬದಲು ಹಿಂದಿನ ಗಾಲಿಗಳ ಕೆಳಗೆ ಎರಡು ಇಂಚಿನ ಹಲಗೆ ಇಟ್ಟು, ಅದರ ಮೇಲೆ ಗಾಲಿ ಹತ್ತಿಸಿ ನಿಲ್ಲಿಸಿದ. "ಕೂತೋರು ಕೂತ ಇರ್ರಿ, ಇಳೀಬ್ಯಾಡ್ರಿ," ಎಂದ. ಹದಿಮೂರು ಮಂದಿ ಚಹಾ ಕುಡಿಯುತ್ತ ಕುಳಿತೇ ಇದ್ದರು. ಆದರೆ ಪಾಟಾ ಅಂದರೆ ಏನು ಎಂದು ನೋಡಬೇಕೆಂದು ಕರೆವ್ವ ಎಲ್ಲರ ಕಾಲು ತುಳಿಯುತ್ತ ಮೊದಲೇ ಇಳಿದು ನಿಂತಿದ್ದಳು. ಹಾಗಾಗಿ ಹತ್ತಿ ತೋರಿಸುವ ಕೆಲಸ ಅವಳದಾಯಿತು.

ಎರಡು ಇಂಚಿಗೆ ಅವಳು ದಿನದಂತೆಯೇ ಹತ್ತಿದಳು. ದಿನಕ್ಕಿಂತ ಸಲೀಸು ಅನ್ನಿಸಿತು.

"ಎರಡನ ಸಾಕ ಬಿಡೋ ಮಾಲತೇಶಾ," ಎಂದಳು ದಾನವ್ವ. "ಮುದಿಕಿ ಅದಾಳ, ಪಾಪ."

ಆ 'ಪಾಪ' ಇಲ್ಲದಿದ್ದರೆ ಕತೆ ಅಲ್ಲಿಗೇ ಮುಗಿಯುತ್ತಿತ್ತು. ಕರೆವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. "ಯಾವಾಕಿಗೆ ಮುದಿಕಿ ಅಂತೀಯಲೇ? ನೀ ಹುಟ್ಟಿದಾಗ ನಿಮ್ಮವ್ವನ ಕೂಡ ದವಾಖಾನಿಗೆ ಟ್ರೇಲರ್ ಹತ್ತಿ ಬಂದಾಕಿ ನಾನ! ಇಡಪ ಸಾಬಣ್ಣ, ಇನ್ನೊಂದ ಹಲಗಿ ಇಡು!"

ಇನ್ನೊಂದು ಹಲಗೆ ಬಂತು. ನಾಲ್ಕು ಇಂಚಾಯಿತು. ಕರೆವ್ವ ಸರಪಳಿ ಹಿಡಿದಳು, ಕಾಲಿಟ್ಟಳು, ಎದ್ದಳು. ಮೊಣಕಾಲಿನೊಳಗೆ ಏನೋ ಕಳಕ್ ಎಂದಿತು. ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ.

"ತ್ರಾಸ ಆತೇನ್ ಅಜ್ಜಿ?" ಎಂದ ಅಯಾಜ್.

"ಏನೂ ಇಲ್ಲ. ಹಾಕಿಸೋ ಮಾಲತೇಶಾ, ನಾಲ್ಕರದು."

ಯಾರಿಗೂ ಹೊಳೆಯದ ಒಂದು ಸಂಗತಿ ಅಲ್ಲಿ ನಡೆದುಹೋಗಿತ್ತು. ಹದಿಮೂರು ಜನರ ಭಾರಕ್ಕೆ ಪಾಟಾಗಳು ಆಗಲೇ ಮೂರು ಇಂಚಿನಷ್ಟು ತಗ್ಗಿದ್ದವು. ಕರೆವ್ವ ಹತ್ತಿದ್ದು ತಗ್ಗಿದ ಗಾಡಿಗೆ. ಅವಳು ದಿನಾ ಹತ್ತುವುದು ಖಾಲಿ ಗಾಡಿಗೆ, ಎಲ್ಲರಿಗಿಂತ ಮೊದಲು. ಅದು ಅಯಾಜನಿಗೆ ಗೊತ್ತಿರಲಿಲ್ಲ. ಅವನ ತಿಳಿವಳಿಕೆಯಲ್ಲಿ ವಯಸ್ಸಾದವರು ಕೊನೆಗೆ, ಯಾರದಾದರೂ ಕೈ ಹಿಡಿದು ಹತ್ತುತ್ತಾರೆ. ಗೊತ್ತಿದ್ದವರಿಗೆ ಅದು ಹೇಳಬೇಕಾದ ಮಾತು ಅಂತಲೇ ಅನ್ನಿಸಲಿಲ್ಲ.

ಸಂಜೆಗೆ ಕೆಲಸ ಮುಗಿಯಿತು. ಹೆಂಗಸರಿಗೆ ಅನುಕೂಲವಾಗಲೆಂದು ಅಯಾಜ್ ಗಾಡಿಯನ್ನು ಅಂಗಡಿಯ ಕಟ್ಟೆಗೆ ಒತ್ತಿ ನಿಲ್ಲಿಸಿದ, ಎಲ್ಲರೂ ನಡೆದೇ ಒಳಗೆ ಹೋದರು. ಮಾಲತೇಶ ಬಂಕಾಪುರದ ಹತ್ತಿರ ಗಾಡಿ ನಿಲ್ಲಿಸಿ ಮೂರು ಫೋಟೊ ತೆಗೆದುಕೊಂಡ. ಕರೆವ್ವ ತನ್ನ ಬಾಗಿಲಲ್ಲಿ ಕೊನೆಯವಳಾಗಿ ಇಳಿದಳು. ಇಳಿಯುವಾಗ ನೆಲ ಸ್ವಲ್ಪ ತಡವಾಗಿ ಕಾಲಿಗೆ ಸಿಕ್ಕಿತು.

ಮರುದಿನ ಬೆಳಗ್ಗೆ ಗಾಡಿ ಬಂದು ನಿಂತಾಗ ಅವಳು ಬುತ್ತಿ ಎಸೆದಳು, ಸರಪಳಿ ಹಿಡಿದಳು, ಕಾಲೆತ್ತಿದಳು. ಪಟ್ಟಿ ಸಿಗಲಿಲ್ಲ. ಅದು ಅವಳ ತೊಡೆಯ ಹತ್ತಿರ ಇತ್ತು. ಸೀರೆ ಮೇಲೆತ್ತಿ ಮತ್ತೆ ಪ್ರಯತ್ನಿಸಿದಳು. ಕಾಲು ಪಟ್ಟಿಯ ಮೇಲೇನೋ ಬಂತು, ಆದರೆ ಮೈ ಮೇಲೇಳಲಿಲ್ಲ. ಕನ್ನಡಿಯಲ್ಲಿ ನೋಡಿದ ಮಾಲತೇಶ ಇಳಿದು ಬಂದು ಕೈ ಚಾಚಿದ.

"ಕೈ ಹಿಂದ ತಗೋ. ನನಗ ಇವತ್ತ ಮೈಯಾಗ ಆರಾಮಿಲ್ಲ, ಬರೂದಿಲ್ಲ. ಬುತ್ತಿ ಕೊಡ ಇತ್ತಾಗ."

ಅವನು ಬುತ್ತಿ ಕೊಟ್ಟ. ಗಾಡಿ ಹೋಯಿತು. ಕರೆವ್ವ ಒಳಗೆ ಹೋಗಿ, ಹೊಲದಲ್ಲಿ ತಿನ್ನಬೇಕಾದ ರೊಟ್ಟಿಯನ್ನು ಒಲೆಯ ಮುಂದೆ ಕುಳಿತು ತಿಂದಳು. ರುಚಿ ಹತ್ತಲಿಲ್ಲ.

ಎರಡನೆಯ ದಿನ ಮಾಲತೇಶನಿಗೆ ಏನೋ ಅನುಮಾನ ಬಂದು ಮನೆಯಿಂದ ಪ್ಲಾಸ್ಟಿಕ್ ಸ್ಟೂಲು ತಂದು ಗಾಡಿಯ ಹಿಂದೆ ಇಟ್ಟ. ಕರೆವ್ವ ಅದನ್ನು ಕಾಲಿನಿಂದ ಸರಿಸಿದಳು. "ಸ್ಟೂಲ್ ಹತ್ತಿ ನಾ ಏನ ಗೋಡಿಗೆ ಸುಣ್ಣಾ ಹಚ್ಚಬೇಕೇನ? ಆರಾಮಿಲ್ಲ ಅಂದೇನಲ್ಲ, ಹೋಗು."

ಆಚೆ ಗಾಡಿಯಲ್ಲಿ ಮೊದಲ ದಿನವೇ ಬೇರೆ ರಗಳೆ ಹುಟ್ಟಿತ್ತು. ಕರೆವ್ವ ಇಲ್ಲದ ಖಾಲಿ ಗಾಡಿಗೆ ಮೊದಲ ಕಾಲು ಯಾರು ಇಡಬೇಕು? ನೀ ಹತ್ತು, ನೀ ಹತ್ತು ಎಂದು ಹತ್ತು ನಿಮಿಷ ಕಳೆದು, ಕೊನೆಗೆ ದಾನವ್ವ ಹತ್ತಿದಳು. ಅವತ್ತು ಮಧ್ಯಾಹ್ನ ಮಳೆ ಸುರಿದು ಸೀಳಿದ ಮೊಗ್ಗೆಲ್ಲ ಹಾಳಾದವು. ಮರುದಿನ ಒಬ್ಬಳಿಗೆ ಜೇನು ಕಚ್ಚಿತು. ಎರಡಕ್ಕೂ ದಾನವ್ವನ ಕಾಲೇ ಕಾರಣವಾಯಿತು.

ಮೂರನೆಯ ದಿನ ಸಂಜೆ ಅವಳು ಕರೆವ್ವನ ಬಾಗಿಲಿಗೆ ಬಂದು ಕುಕ್ಕರಿಸಿದಳು. "ಬೇ ಕರೆವ್ವಕ್ಕ, ಮಳಿ ಬಂದ್ರೂ ನನ್ನ ಕಾಲಂತ, ಹುಳಾ ಕಡದ್ರೂ ನನ್ನ ಕಾಲಂತ. ನಾಳೆ ಯಾರಿಗರೆ ಹೆಣ್ಣ ಹುಟ್ಟಿದ್ರ ಅದಕ್ಕೂ ನನ್ನ ಕಾಲ ತೋರಸ್ತಾರ. ನಿನಗ ಏನ ಆಗೈತಿ ಹೇಳ."

"ಮೈ ಬ್ಯಾನಿ."

"ಮೈ ಬ್ಯಾನಿ ಇದ್ದಾಕಿ ಹಿತ್ತಲದಾಗ ಕಟಗಿ ಒಡದೀಯಲ್ಲ, ನೋಡ್ಕೊಂಡನ ಬಂದೇನಿ." ದಾನವ್ವ ದನಿ ತಗ್ಗಿಸಿದಳು. "ನಿನ್ನ ಸಾಲಿಗೆ ಮ್ಯಾಲಿನ ಓಣ್ಯಾಕಿನ್ನ ಹಚ್ಯಾರ. ಒಂದ ಮೊಗ್ಗೂ ನೆಟ್ಟಗ ಸೀಳೂದಿಲ್ಲ ಆಕಿ. ಇನ್ನ ಎರಡ ದಿನ ನೋಡಿ ಆಕಿನ್ನ ಕಾಯಂ ಮಾಡತಾರ. ಆಮ್ಯಾಲ ನೀ ಆರಾಮ ಆದ್ರೂ ಜಾಗಾ ಇರೂದಿಲ್ಲ. ಅಷ್ಟ ಹೇಳಾಕ ಬಂದೆ."

ಅವಳು ಹೋದ ಮೇಲೆ ಕರೆವ್ವ ಬಹಳ ಹೊತ್ತು ತನ್ನ ಹೆಬ್ಬೆರಳ ಉಗುರನ್ನು ನೋಡುತ್ತ ಕುಳಿತಿದ್ದಳು. ಮೂರು ದಿನದಲ್ಲಿ ಅದಕ್ಕಂಟಿದ ಹಸಿರು ಕಲೆ ಮಾಸತೊಡಗಿತ್ತು. ಉಗುರು ಇನ್ನೂ ಕೆಲಸ ಬಲ್ಲದು, ಬೆನ್ನು ಬಲ್ಲದು. ಒಂದು ಮೊಣಕಾಲಿನ ಸುಳ್ಳಿಗೆ ಇವೆಲ್ಲ ಮನೆಯಲ್ಲಿ ಕೂರಬೇಕೇ? ಎದ್ದು ಸೆರಗು ಹೊದ್ದು, ಸಂಜೆ ಬೆಳಕಿರುವಾಗಲೇ ಮಾಲತೇಶನ ಮನೆಯ ಕಡೆ ನಡೆದಳು.

ಅವನು ಗಾಡಿ ತೊಳೆಯುತ್ತಿದ್ದ. ಕೆಂಪು ಗಟ್ಟಿಗಳಿಗೆ ಅಂಟಿದ ಕೆಸರನ್ನು ಹಳೆಯ ಬನಿಯನ್ನಿನಿಂದ ಒರೆಸುತ್ತಿದ್ದ. ಅವಳನ್ನು ನೋಡಿ ಎದ್ದು ನಿಂತ.

"ಆರಾಮ ಆತೇನ್ ಅಜ್ಜಿ?"

"ಆರಾಮನ ಇದ್ದೆ." ಅವಳು ಗಾಡಿಯ ಹಿಂದಿನ ಪಟ್ಟಿಯ ಮೇಲೆ ಕೈ ಇಟ್ಟಳು. "ಮಾಲತೇಶಾ, ನನಗ ಇದನ್ನ ಹತ್ತಾಕ ಆಗೂದಿಲ್ಲ."

ಮಾಲತೇಶ ಬನಿಯನ್ ಹಿಂಡುತ್ತ ನಿಂತ. "ಅಲ್ಲಜ್ಜಿ, ಅವತ್ತ ಹತ್ತಿ ತೋರಿಸಿದಿ. ನಾಲ್ಕರದ ಹಾಕಿಸು ಅಂದಾಕಿ ನೀನ. ಅವಾಗ ಯಾಕ ಹೇಳಲಿಲ್ಲ?"

"ಅವತ್ತ ಹದಿಮೂರ ಮಂದಿ ಮ್ಯಾಲಿಂದ ನೋಡಾಕತ್ತಿದ್ರು. ಅವತ್ತೂ ಮೊಣಕಾಲ ಕಳಕ್ ಅಂದಿತ್ತು. ಆದ್ರ ಹತ್ತಿದ್ದೇನೋ ಖರೇ. ಮರುದಿನ ಯಾಕ ಆಗಲಿಲ್ಲ ಅದ ನನಗ ತಿಳೀವಲ್ದು."

ಅವನಿಗೂ ತಿಳಿಯಲಿಲ್ಲ. ಅಲ್ಲೇ ನಿಂತು ಶಿಗ್ಗಾಂವಕ್ಕೆ ಫೋನು ಹಚ್ಚಿ, ಅಯಾಜನ ದನಿ ಇಬ್ಬರಿಗೂ ಕೇಳುವಂತೆ ಹಿಡಿದ. ಅಯಾಜ್ ನಾಲ್ಕು ಪ್ರಶ್ನೆ ಕೇಳಿದ. ನಾಲ್ಕನೆಯದಕ್ಕೆ ಉತ್ತರ ಕೇಳಿ ಅವನು ಬಯ್ಯುವುದೊಂದು ಬಾಕಿ.

"ಖಾಲಿ ಗಾಡಿಗೆ ಅಜ್ಜಿನ್ನ ಮೊದಲ ಹತ್ತಸ್ತೀರಾ? ಯಾಕೋ?"

"ಅದು ನಮ್ಮ ಪದ್ಧತಿ ಭಾಯ್."

"ಮೊದಲ ಹೇಳಬೇಕಿತ್ತಲ್ಲೋ!"

"ಅದನ್ನೇನ ಹೇಳೋದ್ರಿ, ಎಲ್ಲಾರಿಗೂ ಗೊತ್ತಿದ್ದದ್ದ."

"ಯಾರಿಗೋ ಎಲ್ಲಾರಿಗೂ? ಕೇಳಿಲ್ಲೆ. ನಿನ್ನ ಗಾಡಿ ತಳಾ ಬಡಿಯೋದ ಯಾವಾಗ? ತುಂಬಿದಾಗ. ಅಜ್ಜಿ ಹತ್ತೋದ ಯಾವಾಗ? ಖಾಲಿ ಇದ್ದಾಗ. ಹಂಗಾರ ನಿನಗ ಎತ್ತರಾ ಮಾಡೋ ಕಿಟ್ಟ ಬ್ಯಾಡೋ ಮಾರಾಯಾ, ತಗ್ಗದಂಗ ಮಾಡೋದ ಬೇಕು. ಹೆಲ್ಪರ್ ಪಾಟಾ ಹಾಕೂಣು. ಖಾಲಿ ಇದ್ದಾಗ ಅದು ಸುಮ್ಮನ ಕೂತಿರತೈತಿ, ಗಾಡಿ ಮೊದಲಿನಷ್ಟ ಎತ್ತರಾ. ವಜ್ಜಾ ಬಿದ್ದ ಕೂಡಲೇ ಹೆಗಲ ಕೊಡತೈತಿ. ಒಂದ ಮಾತು, ಕುಲುಕಾಟ ಜಾಸ್ತಿ ಆಗತೈತಿ. ಆ ಹೆಣ್ಮಕ್ಕಳನ್ನ ಕೇಳು."

ಫೋನು ಇಟ್ಟ ಮೇಲೆ ಮಾಲತೇಶ ಕೆಂಪು ಗಟ್ಟಿಗಳನ್ನು ನೋಡಿದ. ನಾಲ್ಕೇ ದಿನ ಅವನು ಊರಿನಲ್ಲಿ ಎಲ್ಲರಿಗಿಂತ ಎತ್ತರದ ಗಾಡಿಯವನಾಗಿದ್ದ. ಕರೆವ್ವನಿಗೆ ಅದು ಗೊತ್ತಾಯಿತು.

"ನಿನಗ ಅದು ಭಾಳ ಛಂದ ಕಾಣತಿತ್ತು ಹೌದಿಲ್ಲ?"

"ಕಾಣತಿತ್ತು," ಎಂದ ಅವನು. ಆಮೇಲೆ, "ಇರಲಿ ಬಿಡಬೇ. ಹೆಣ್ಣ ಕೊಡೋರು ಗಾಡಿ ಕೆಳಗ ಬಗ್ಗಿ ನೋಡೂದಿಲ್ಲ."

ಹೆಂಗಸರನ್ನು ಕೇಳುವ ಕೆಲಸ ಕರೆವ್ವ ತಾನೇ ಮಾಡಿದಳು. ಆ ರಾತ್ರಿಯ ಊಟಕ್ಕೆ ಮುಂಚೆ ಹದಿಮೂರು ಮನೆಯ ಬಾಗಿಲಿಗೆ ಹೋಗಿ ನಿಂತಳು. ಪ್ರತಿ ಬಾಗಿಲಲ್ಲೂ ಮೊಣಕಾಲಿನ ಮಾತು ಹೇಳಲೇಬೇಕಾಯಿತು. ಮೊದಲ ಮನೆಯಲ್ಲಿ ನಾಲಿಗೆ ತೊಡರಿತು, ಐದನೆಯ ಮನೆಗೆ ಸಲೀಸಾಯಿತು, ಹತ್ತನೆಯ ಮನೆಗೆ ಬರುವಾಗ ನೋವು ಎಲ್ಲಿ ಹುಟ್ಟಿ ಎಲ್ಲಿಗೆ ಹೋಗುತ್ತದೆ ಎಂದು ಸೀರೆ ಸರಿಸಿ ತೋರಿಸುತ್ತಿದ್ದಳು. ಕೇಳಿದವರೂ ತಮ್ಮ ತಮ್ಮ ನೋವು ತೆಗೆದರು. ಒಬ್ಬಳಿಗೆ ಹಿಮ್ಮಡಿ, ಇನ್ನೊಬ್ಬಳಿಗೆ ಭುಜ. ಬೇಡ ಎಂದವರು ಯಾರೂ ಇಲ್ಲ. ದಾನವ್ವ ಮಾತ್ರ ತನ್ನ ಸೊಂಟ ಹಿಡಿದುಕೊಂಡು ಅಂದಳು: "ನಿನ್ನ ಮೊಣಕಾಲ ಉಳಸಾಕ ನಮ್ಮ ನಡಾ ಹೋಗತಾವು. ಹೋಗ್ಲಿ ತಗೋ. ಆ ಮೊದಲ ಕಾಲಿನ ಕಾಟ ತಪ್ಪಿದ್ರ ಸಾಕು."

ಮರುದಿನ ಮಾಲತೇಶ ಒಬ್ಬನೇ ಶಿಗ್ಗಾಂವಕ್ಕೆ ಹೋಗಿಬಂದ. ಅದರ ಮರುದಿನ ಬೆಳಗ್ಗೆ ಗಾಡಿ ಕರೆವ್ವನ ಬಾಗಿಲಿಗೆ ಬಂದು ನಿಂತಿತು. ಅವಳು ಬುತ್ತಿ ಎಸೆಯುವ ಮೊದಲು ಪಟ್ಟಿಯ ಹತ್ತಿರ ಹೋಗಿ ಸುಮ್ಮನೆ ನಿಂತಳು. ಅದು ಮೊಣಕಾಲಿನ ಮಟ್ಟದಲ್ಲಿತ್ತು. ಮಾಲತೇಶ ಕನ್ನಡಿಯಲ್ಲಿ ನೋಡದೆ ಮುಂದಿನ ದಾರಿಯನ್ನೇ ನೋಡುತ್ತ ಕುಳಿತಿದ್ದ. ಸರಪಳಿ ಸದ್ದು ಮಾಡಿತು. ಗಾಡಿ ಒಂದು ಕೂದಲಿನಷ್ಟು ಹಿಂದಕ್ಕೆ ವಾಲಿ ಮತ್ತೆ ನೆಟ್ಟಗಾಯಿತು. ಕ್ಯಾಬಿನ್ನಿನ ಹಿಂಬದಿಗೆ ಎರಡು ಏಟು ಬಿತ್ತು. ಹೊರಡು ಎಂದರ್ಥ.

ಹದಿಮೂರು ಮಂದಿ ಹತ್ತಿದರು. ಎರೆಮಣ್ಣಿನ ದಾರಿಯಲ್ಲಿ ದಿಂಡು ಬಂತು, ತಳ ಉಜ್ಜಲಿಲ್ಲ. ಹಳ್ಳದ ಕಲ್ಲು ಬಂತು, ಬಡಿಯಲಿಲ್ಲ. ಆದರೆ ಹಳ್ಳದಿಂದ ಮೇಲೇರುವಾಗ ಗಾಡಿ ಎಲ್ಲರನ್ನೂ ಮೊರದಲ್ಲಿ ಜೋಳ ಕೇರಿದಂತೆ ಕೇರಿತು. ಹದಿಮೂರು ಮಂದಿ ಹಲ್ಲು ಕಚ್ಚಿ ಸುಮ್ಮನಿದ್ದರು. ಮೊದಲು ಬಾಯಿ ತೆರೆದವಳು ಕರೆವ್ವ.

"ಏನಲೇ ಮಾಲತೇಶಾ, ಹೊಲಕ್ಕ ಕರಕೊಂಡ ಹೊಂಟೀಯೋ, ಎಲಬ ಎಣಸಾಕ ಕರಕೊಂಡ ಹೊಂಟೀಯೋ? ಇದಕ್ಕಿಂತ ಆ ನಾಲ್ಕ ಇಂಚಿಂದ ಮೆತ್ತಗಿತ್ತಲ್ಲ!"

ಗಾಡಿಯಲ್ಲಿ ಹದಿಮೂರೂ ಬಾಯಿ ಒಮ್ಮೆಗೇ ತೆರೆದುಕೊಂಡವು. ಎಲ್ಲರಿಗಿಂತ ಮೇಲೆ ದಾನವ್ವನ ದನಿ: "ನಿನ್ನ ಸಲುವಾಗಿ ನಾವು ನಡಾ ಮುರಕೊಳ್ಳಾಕತ್ತೇವಿ, ಇನ್ನೊಮ್ಮೆ ಬಾಯಿ ತಗದೀ ಅಂದ್ರ ಇಲ್ಲೇ ಇಳಿಸಿ ಹೋಗ್ತೇವಿ ನೋಡ ನಿನ್ನ!"

"ಇಳಸ್ರಿ," ಎಂದಳು ಕರೆವ್ವ, ಸರಪಳಿ ಗಟ್ಟಿಯಾಗಿ ಹಿಡಿದುಕೊಂಡು. "ಮತ್ತ ಹತ್ತತೇನಿ."